ಬಡಗುತಿಟ್ಟು ಯಕ್ಷಗಾನದ ಗುರುಗಳು ಮತ್ತು ರಜಾಕಾಲದ ಶಿಕ್ಷಣ

ಬಡಗುತಿಟ್ಟು ಯಕ್ಷಗಾನದ ಗುರುಗಳು ಎಂದರೆ ಭಾಗವತಿಕೆ, ಮದ್ದಳೆ, ಚಂಡೆ, ಹೆಜ್ಜೆಗಾರಿಕೆ ಮತ್ತು ಅರ್ಥಗಾರಿಕೆಗಳನ್ನು ಕಲಿಸುವ ಕಲಾವಿದರು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು ಈ ತಿಟ್ಟಿನ ಮುಖ್ಯ ನೆಲೆಗಳು. ಇಲ್ಲಿ ಕಲೆಯ ಶಿಕ್ಷಣವು ಬಹುಕಾಲ ಮೇಳದ ತಿರುಗಾಟದಲ್ಲಿಯೂ ಗುರುವಿನ ಮನೆಯಲ್ಲಿಯೂ ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತರಬೇತಿ ಕೇಂದ್ರಗಳು, ಮಕ್ಕಳ ಮೇಳ ಮತ್ತು ಶಾಲಾ ತರಗತಿಗಳು ಹುಟ್ಟಿಕೊಂಡವು. ಬೇಸಿಗೆ ರಜೆಯ ಶಿಬಿರಗಳು ಈ ಸಾಲಿಗೆ ಸೇರಿದ ಇತ್ತೀಚಿನ ರೂಪ. ಯಕ್ಷಗಾನದ ಹಾಡುಗಾರಿಕೆಯು ಸ್ವರಲಿಪಿಯನ್ನು ಅವಲಂಬಿಸದೆ ಬಾಯಿಂದ ಬಾಯಿಗೆ ಸಾಗಿ ಬಂದಿರುವುದರಿಂದ, ಕಲೆಯ ಉಳಿವಿನಲ್ಲಿ ಗುರುವಿನ ಸ್ಥಾನ ಗ್ರಂಥದ ಸ್ಥಾನಕ್ಕಿಂತ ಹೆಚ್ಚಿನದು.

ಹಿನ್ನೆಲೆ

ಕರಾವಳಿಯ ಯಕ್ಷಗಾನದಲ್ಲಿ ತೆಂಕುತಿಟ್ಟು ಮತ್ತು ಬಡಗುತಿಟ್ಟು ಎಂಬ ಎರಡು ಪ್ರಮುಖ ಶೈಲಿಗಳಿವೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಬೆಳೆದ ಶೈಲಿಯನ್ನು ಬಡಾಬಡಗು ಎಂದು ಪ್ರತ್ಯೇಕವಾಗಿ ಗುರುತಿಸುವುದುಂಟು. ಬಡಗುತಿಟ್ಟಿನೊಳಗೆ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಸಂಪ್ರದಾಯಗಳು ಪ್ರಸಿದ್ಧವಾಗಿವೆ. ಈ ಎರಡೂ ಬ್ರಹ್ಮಾವರದ ಸಮೀಪದ ಊರುಗಳ ಹೆಸರುಗಳು. ಒಂದೊಂದು ಊರಿನ ಕಲಾವಿದರು ತಮ್ಮ ಮಕ್ಕಳಿಗೂ ನೆರೆಹೊರೆಯವರಿಗೂ ಕಲಿಸಿದ್ದರಿಂದಲೇ ಹೆಜ್ಜೆ ಮತ್ತು ಅಭಿನಯದ ಕ್ರಮಗಳು ಊರಿನ ಹೆಸರನ್ನು ಪಡೆದವು. ಹಾರಾಡಿ ರಾಮಗಾಣಿಗ, ಹಾರಾಡಿ ಕುಷ್ಟ ಗಾಣಿಗ ಮೊದಲಾದವರು ಹಾರಾಡಿ ಶೈಲಿಗೂ ವೀರಭದ್ರ ನಾಯಕರು ಮಟಪಾಡಿ ಶೈಲಿಗೂ ಕೀರ್ತಿ ತಂದವರು.

ಯಕ್ಷಗಾನ ತಂಡದಲ್ಲಿ ಹಿಮ್ಮೇಳ ಮತ್ತು ಮುಮ್ಮೇಳ ಎಂಬ ಎರಡು ವಿಭಾಗಗಳಿವೆ. ಹಾಡುವ ಭಾಗವತ, ಮದ್ದಳೆಗಾರ, ಚಂಡೆವಾದಕ ಮತ್ತು ಶ್ರುತಿ ಹಿಡಿಯುವವರು ಹಿಮ್ಮೇಳಕ್ಕೆ ಸೇರಿದರೆ, ವೇಷಧಾರಿಗಳು ಮುಮ್ಮೇಳಕ್ಕೆ ಸೇರುತ್ತಾರೆ. ಪ್ರದರ್ಶನದ ಸೂತ್ರ ಭಾಗವತನ ಕೈಯಲ್ಲಿರುತ್ತದೆ. ಯಾವ ಪದ್ಯವನ್ನು ಎಷ್ಟು ಹಿಗ್ಗಿಸಬೇಕು, ಎಲ್ಲಿ ಕುಣಿತಕ್ಕೆ ಅವಕಾಶ ಕೊಡಬೇಕು, ಎಲ್ಲಿ ಮಾತಿಗೆ ಬಿಡಬೇಕು ಎಂಬುದನ್ನು ಆತ ರಂಗದ ಮೇಲೆಯೇ ನಿರ್ಧರಿಸುತ್ತಾನೆ. ಆದುದರಿಂದ ಹಿಮ್ಮೇಳದ ಶಿಕ್ಷಣವು ಸಂಗೀತದ ಶಿಕ್ಷಣವೂ ಹೌದು, ರಂಗನಿರ್ವಹಣೆಯ ಶಿಕ್ಷಣವೂ ಹೌದು.

ಗುರುಮುಖದ ಅಗತ್ಯ

ಯಕ್ಷಗಾನ ಪ್ರಸಂಗದ ಮುದ್ರಿತ ಪ್ರತಿಗಳಲ್ಲಿ ಪ್ರತಿಯೊಂದು ಪದ್ಯದ ತಲೆಯಲ್ಲಿ ರಾಗ ಮತ್ತು ತಾಳಗಳ ಹೆಸರು ಇರುತ್ತದೆ. ಸಾಮಾನ್ಯವಾಗಿ ಸ್ವರಪ್ರಸ್ತಾರ ಇರುವುದಿಲ್ಲ. ಸೌರಾಷ್ಟ್ರ, ಮೋಹನ, ಭೈರವಿ, ಸಾವೇರಿ, ಮಧ್ಯಮಾವತಿ, ಘಂಟಾರವ ಮುಂತಾದ ಹೆಸರುಗಳನ್ನು ಓದಿದ ಮಾತ್ರಕ್ಕೆ ಪದ್ಯವನ್ನು ಹೇಗೆ ಎತ್ತಬೇಕು ಎಂಬುದು ತಿಳಿಯದು. ಕರ್ನಾಟಕ ಸಂಗೀತದಲ್ಲಿ ಅದೇ ಹೆಸರಿನ ರಾಗವನ್ನು ಕಲಿತವರಿಗೂ ಯಕ್ಷಗಾನದ ಧಾಟಿ ಬೇರೆಯಾಗಿ ಕೇಳಿಸಬಹುದು. ಪದ್ಯ ಹೇಳುವ ಈ ಧಾಟಿಗೆ ಮಟ್ಟು ಎಂದು ಹೆಸರು. ಮಟ್ಟು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ದಾಟಬೇಕು. ಕಲಿಸುವವರು ಇಲ್ಲವಾದರೆ ಪ್ರಸಂಗದ ಪುಸ್ತಕ ಉಳಿದರೂ ಹಾಡು ಉಳಿಯುವುದಿಲ್ಲ.

ತಾಳಗಳ ಕಲಿಕೆ ಕೈಯಲ್ಲಿ ತಟ್ಟುವುದರಿಂದ ಆರಂಭವಾಗುತ್ತದೆ. ಏಕ (೪ ಅಕ್ಷರ), ರೂಪಕ (೬), ತ್ರಿವುಡೆ (೭), ಝಂಪೆ (೧೦), ಅಷ್ಟ (೧೪), ಆದಿ ಮತ್ತು ತಿತ್ತಿತ್ತೈ ಎಂಬವು ಬಳಕೆಯಲ್ಲಿರುವ ಮುಖ್ಯ ತಾಳಗಳು. ವಾದ್ಯವನ್ನು ಮುಟ್ಟುವ ಮೊದಲು ಶಿಷ್ಯನು ನುಡಿತಗಳನ್ನು ಬಾಯಲ್ಲಿ ಹೇಳಿ ಗಟ್ಟಿ ಮಾಡಿಕೊಳ್ಳುತ್ತಾನೆ. ಇದನ್ನು ಬಾಯಿತಾಳ ಎನ್ನುತ್ತಾರೆ. ಬಳಿಕ ಪದ್ಯದ ಎತ್ತುಗಡೆ, ನಡೆ, ಬಿಡಿತಿಗೆ ಮತ್ತು ಮುಕ್ತಾಯಗಳನ್ನು ಒಂದೊಂದಾಗಿ ಕಲಿಯುತ್ತಾನೆ. ವೇಷ ಮಾಡಲು ಬಯಸುವ ವಿದ್ಯಾರ್ಥಿಯೂ ಬಾಯಿತಾಳದಿಂದಲೇ ಆರಂಭಿಸುವುದು ವಾಡಿಕೆ. ಹಿಮ್ಮೇಳವನ್ನು ಅರಿಯದ ವೇಷಧಾರಿಯು ಭಾಗವತನ ಸೂಚನೆಯನ್ನು ಗ್ರಹಿಸಲಾರ ಎಂಬುದು ಇದರ ಹಿಂದಿನ ತಿಳಿವಳಿಕೆ.

ಹೂವಿನಕೋಲು: ರಜಾಕಾಲದ ಶಿಕ್ಷಣದ ಹಳೆಯ ರೂಪ

ಮಕ್ಕಳಿಗೆ ರಜೆಯ ದಿನಗಳಲ್ಲಿ ಹಾಡು ಮತ್ತು ಮಾತನ್ನು ಕಲಿಸುವ ಕ್ರಮ ಈ ಪ್ರದೇಶಕ್ಕೆ ಹೊಸದಲ್ಲ. ನವರಾತ್ರಿಯ ಕಾಲದಲ್ಲಿ ನಡೆಯುವ ಹೂವಿನಕೋಲು ಅದಕ್ಕೆ ನಿದರ್ಶನ. ಭಾಗವತ, ಮದ್ದಳೆಗಾರ ಮತ್ತು ಕೆಲವು ಬಾಲಕರ ಚಿಕ್ಕ ತಂಡವು ಹೂವಿನಿಂದ ಅಲಂಕರಿಸಿದ ಕೋಲುಗಳೊಂದಿಗೆ ಮನೆಮನೆಗೆ ಹೋಗುತ್ತದೆ. ಮಕ್ಕಳು ಎದುರುಬದುರಾಗಿ ಕುಳಿತು ಮೊದಲು ಮನೆಯವರಿಗೆ ಶುಭ ಕೋರುವ ಚೌಪದಿಯನ್ನು ಹೇಳುತ್ತಾರೆ. ಅನಂತರ ಪ್ರಸಂಗವೊಂದರ ಸಣ್ಣ ಭಾಗವನ್ನು ಭಾಗವತರು ಹಾಡಿದಂತೆ ಮಕ್ಕಳು ಅರ್ಥ ಹೇಳುತ್ತಾರೆ. ವೇಷಭೂಷಣವಾಗಲಿ ಕುಣಿತವಾಗಲಿ ಇದರಲ್ಲಿಲ್ಲ.

ಏಕೋಪಾಧ್ಯಾಯ ಶಾಲೆಗಳ ಕಾಲದಲ್ಲಿ ಊರಿನ ಐಗಳೇ ತಮ್ಮ ಶಿಷ್ಯರನ್ನು ಸಿದ್ಧಗೊಳಿಸಿ ಹೂವಿನಕೋಲಿಗೆ ಕರೆದೊಯ್ಯುತ್ತಿದ್ದರು. ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ ಮತ್ತು ಹಣ ಗುರುಗಳ ಪಾಲಿಗೆ ಸಲ್ಲುತ್ತಿತ್ತು. ಹೀಗೆ ಹೂವಿನಕೋಲು ಏಕಕಾಲದಲ್ಲಿ ವಿದ್ಯಾಭ್ಯಾಸವೂ ಪರೀಕ್ಷೆಯೂ ಗುರುದಕ್ಷಿಣೆಯೂ ಆಗಿತ್ತು. ಮನೆಯಲ್ಲಿ ಕುಂದಗನ್ನಡವನ್ನಾಡುವ ಮಕ್ಕಳು ಗ್ರಾಂಥಿಕ ಕನ್ನಡದಲ್ಲಿ ತಡೆಯಿಲ್ಲದೆ ಮಾತನಾಡುವ ಅಭ್ಯಾಸವನ್ನು ಇಲ್ಲಿ ಪಡೆಯುತ್ತಿದ್ದರು. ಶಾಲಾ ವ್ಯವಸ್ಥೆ ಬದಲಾದಂತೆ ಈ ಪದ್ಧತಿ ಕ್ಷೀಣಿಸಿತು. ಸಾಲಿಗ್ರಾಮ ಮಕ್ಕಳ ಮೇಳವೇ ಮೊದಲಾದ ಸಂಸ್ಥೆಗಳ ಪ್ರಯತ್ನದಿಂದ ಅದು ಮತ್ತೆ ಕಾಣಿಸಿಕೊಂಡಿದೆ.

ಮೇಳದಲ್ಲಿ ಕಲಿಕೆ

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೊದಲಾದ ಕ್ಷೇತ್ರಗಳ ಮೇಳಗಳೂ ಸಾಲಿಗ್ರಾಮ, ಪೆರ್ಡೂರು ಮೊದಲಾದ ಡೇರೆ ಮೇಳಗಳೂ ಈ ಭಾಗದ ಕಲಾವಿದರಿಗೆ ವೃತ್ತಿಯನ್ನೂ ಶಿಕ್ಷಣವನ್ನೂ ಒದಗಿಸಿವೆ. ಮೇಳಕ್ಕೆ ಸೇರಿದ ಹುಡುಗನು ಪೂರ್ವರಂಗದ ಕೋಡಂಗಿ ವೇಷದಿಂದ ಆರಂಭಿಸಿ, ಬಾಲಗೋಪಾಲ ಮತ್ತು ಸ್ತ್ರೀವೇಷಗಳನ್ನು ದಾಟಿ, ವರ್ಷಗಳ ಅನಂತರ ಪುರುಷವೇಷಕ್ಕೆ ಬರುತ್ತಿದ್ದನು. ಹಾಡುಗಾರನು ಸಂಗೀತಗಾರನೆಂಬ ಹೆಸರಿನಲ್ಲಿ ರಾತ್ರಿಯ ಆರಂಭದ ಭಾಗವನ್ನು ಹಾಡಿ, ಬಳಿಕ ಹಿರಿಯ ಭಾಗವತರ ಬಳಿ ಕುಳಿತು ಬೆಳಗಿನವರೆಗೆ ಕೇಳುತ್ತಿದ್ದನು. ಮದ್ದಳೆ ಕಲಿಯುವವನು ಒತ್ತು ಮದ್ದಳೆಯಿಂದ ತೊಡಗುತ್ತಿದ್ದನು. ಈ ಕ್ರಮದಲ್ಲಿ ಪಾಠವೆಂದು ಬೇರೆಯಾಗಿ ಹೇಳಿಕೊಡುವುದು ಕಡಿಮೆ. ಚೌಕಿಯಲ್ಲಿ ಮತ್ತು ರಂಗಸ್ಥಳದಲ್ಲಿ ನೋಡಿ ಕೇಳಿ ಕಲಿಯುವುದೇ ಹೆಚ್ಚು.

ಮೇಳಗಳ ತಿರುಗಾಟ ದೀಪಾವಳಿಯ ಬಳಿಕ, ಸುಮಾರು ನವೆಂಬರಿನಲ್ಲಿ ಆರಂಭವಾಗಿ ಮೇ ತಿಂಗಳ ಕೊನೆಯಲ್ಲಿ ಮುಗಿಯುತ್ತದೆ. ಕ್ರಮಬದ್ಧವಾದ ಪಾಠಕ್ಕೆ ಒದಗುತ್ತಿದ್ದುದು ಮಳೆಗಾಲ. ಬಯಲಿನಲ್ಲಿ ಆಟವಾಡುವುದು ಸಾಧ್ಯವಿಲ್ಲದ ಆ ತಿಂಗಳುಗಳಲ್ಲಿ ಕಲಾವಿದರು ಊರಿನಲ್ಲಿರುತ್ತಿದ್ದರು. ತಾಳಮದ್ದಳೆ ಕೂಟಗಳೂ ಮನೆಮನೆಗೆ ಹೋಗುವ ಚಿಕ್ಕಮೇಳಗಳೂ ಈ ಕಾಲದವು. ಬೇಸಾಯದ ಕೆಲಸದ ನಡುವೆ ಗುರುವಿನ ಮನೆಯ ಜಗಲಿಯಲ್ಲಿ ಪಾಠ ನಡೆಯುತ್ತಿತ್ತು.

ಕೇಂದ್ರಗಳು ಮತ್ತು ಪ್ರಮುಖ ಗುರುಗಳು

ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು (೧೯೦೨–೧೯೯೭) ಯಕ್ಷಗಾನದ ಸಂಗೀತ, ವೇಷ ಮತ್ತು ಇತಿಹಾಸಗಳನ್ನು ಕ್ರಮವಾಗಿ ಅಧ್ಯಯನ ಮಾಡಿದರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರ ಪ್ರೇರಣೆ ಮತ್ತು ಕು. ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ ೧೯೭೧ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಸ್ಥಾಪನೆಯಾಯಿತು. ಮೇಳಕ್ಕೆ ಸೇರದೆಯೂ ಯಕ್ಷಗಾನವನ್ನು ವ್ಯವಸ್ಥಿತವಾಗಿ ಕಲಿಯಬಹುದು ಎಂಬ ಮಾರ್ಗ ಇದರಿಂದ ತೆರೆಯಿತು. ಮಟಪಾಡಿ ಶೈಲಿಯ ವೀರಭದ್ರ ನಾಯಕರು ಹೆಜ್ಜೆಯನ್ನೂ ನೀಲಾವರ ರಾಮಕೃಷ್ಣಯ್ಯನವರು ಭಾಗವತಿಕೆಯನ್ನೂ ಹಿರಿಯಡಕ ಗೋಪಾಲರಾಯರು ಮದ್ದಳೆಯನ್ನೂ ಕಲಿಸಿದರು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ಕೇಂದ್ರದ ಗುರುಗಳಾಗಿ ಹಲವು ತಲೆಮಾರಿನ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸಿದರು.

ಹಿರಿಯಡಕ ಗೋಪಾಲರಾಯರು (೧೯೧೯–೨೦೨೦) ಏರು ಮದ್ದಳೆಗಾಗಿ ಪ್ರಸಿದ್ಧರು. ಅಮೆರಿಕದ ಸಂಶೋಧಕಿ ಮಾರ್ತಾ ಆಷ್ಟನ್ ಈ ಪ್ರದೇಶದಲ್ಲಿ ನೆಲೆಸಿ ಯಕ್ಷಗಾನವನ್ನು ಅಭ್ಯಾಸ ಮಾಡಿದಾಗ ಗೋಪಾಲರಾಯರು ಅವರಿಗೆ ಮಾರ್ಗದರ್ಶಕರಾಗಿದ್ದರು. ಬ್ರೂಸ್ ಕ್ರಿಸ್ಟಿ ಅವರೊಡನೆ ಆಷ್ಟನ್ ಬರೆದ ಇಂಗ್ಲಿಷ್ ಗ್ರಂಥವು ೧೯೭೭ರಲ್ಲಿ ಪ್ರಕಟವಾಗಿ ಬಡಗುತಿಟ್ಟನ್ನು ಹೊರನಾಡಿನ ವಿದ್ವಾಂಸರಿಗೆ ಪರಿಚಯಿಸಿತು.

ಬ್ರಹ್ಮಾವರ ತಾಲೂಕಿನ ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರವು ಭಾಗವತಿಕೆಯ ಶಿಕ್ಷಣಕ್ಕೆ ಹೆಸರಾಯಿತು. ಅಮೃತೇಶ್ವರೀ ಮೇಳದ ಭಾಗವತರಾಗಿದ್ದ ನಾರಣಪ್ಪ ಉಪ್ಪೂರರು ಅಲ್ಲಿ ಗುರುಗಳಾಗಿದ್ದರು. ಗುಂಡ್ಮಿಯ ಕಾಳಿಂಗ ನಾವಡರು (೧೯೫೮–೧೯೯೦) ಉಪ್ಪೂರರ ಶಿಷ್ಯರಲ್ಲಿ ಪ್ರಮುಖರು. ಅವರ ತಂದೆ ರಾಮಚಂದ್ರ ನಾವಡರೂ ಭಾಗವತರು. ಸಾಲಿಗ್ರಾಮ ಮೇಳದಲ್ಲಿ ಹಾಡಿ ಅಪಾರ ಜನಪ್ರಿಯತೆ ಗಳಿಸಿದ ಕಾಳಿಂಗ ನಾವಡರು ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ನಿಧನರಾದರು. ಅವರು ಹೊಸ ಪ್ರಸಂಗಗಳಿಗೆ ಒದಗಿಸಿದ ಹಾಡಿನ ಧಾಟಿಗಳು ಧ್ವನಿಸುರುಳಿಗಳ ಮೂಲಕವೂ ಅನುಕರಣೆಯ ಮೂಲಕವೂ ಹರಡಿದವು. ಪೆರ್ಡೂರು ಮೇಳದ ಭಾಗವತರಾಗಿದ್ದ ಸುಬ್ರಹ್ಮಣ್ಯ ಧಾರೇಶ್ವರರೂ ಉಪ್ಪೂರರ ಶಿಷ್ಯರೇ. ಒಬ್ಬನೇ ಗುರುವಿನಿಂದ ಕಲಿತ ಇಬ್ಬರು ತಮ್ಮದೇ ಆದ ಭಿನ್ನ ಹಾದಿಗಳನ್ನು ಹಿಡಿದುದು ಗುರುಮುಖದ ಶಿಕ್ಷಣವು ಕೇವಲ ಅನುಕರಣೆಯಲ್ಲ ಎಂಬುದನ್ನು ತೋರಿಸುತ್ತದೆ.

ಮಕ್ಕಳ ಮೇಳ ಮತ್ತು ಶಾಲಾ ಶಿಕ್ಷಣ

೧೯೭೫ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿದರು. ಮಕ್ಕಳಿಂದಲೇ ಕೂಡಿದ ವ್ಯವಸ್ಥಿತ ಯಕ್ಷಗಾನ ಮೇಳಗಳಲ್ಲಿ ಇದು ಆದ್ಯವಾದುದು. ಶ್ರೀಧರ ಹಂದೆಯವರು ವೃತ್ತಿಯಿಂದ ಅಧ್ಯಾಪಕರು. ಶಾಲೆಯ ಅಧ್ಯಾಪಕ ಮತ್ತು ಯಕ್ಷಗಾನದ ಗುರು ಎಂಬ ಎರಡು ಪಾತ್ರಗಳು ಐಗಳ ಕಾಲದಲ್ಲಿದ್ದಂತೆ ಇಲ್ಲಿ ಮತ್ತೊಮ್ಮೆ ಒಬ್ಬರಲ್ಲೇ ಕೂಡಿದವು. ಅಭಿಮನ್ಯು ಕಾಳಗ, ವೃಷಸೇನ ಕಾಳಗದಂತಹ, ಎಳೆಯ ವೀರರೇ ನಾಯಕರಾಗಿರುವ ಪ್ರಸಂಗಗಳು ಮಕ್ಕಳ ಪ್ರದರ್ಶನಕ್ಕೆ ಒಪ್ಪುವಂತಹವು.

ಉಡುಪಿಯ ಯಕ್ಷಗಾನ ಕಲಾರಂಗದ ಬೆಂಬಲದೊಂದಿಗೆ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ತರಗತಿಗಳನ್ನು ನಡೆಸುತ್ತ ಬಂದಿದೆ. ಶಾಲೆಗೆ ಗುರುಗಳು ಬಂದು ಕಲಿಸುವುದು, ಶಿಕ್ಷಣದ ಕೊನೆಯಲ್ಲಿ ವಿದ್ಯಾರ್ಥಿಗಳು ಪ್ರಸಂಗವೊಂದನ್ನು ಪ್ರದರ್ಶಿಸುವುದು ಇದರ ಕ್ರಮ. ಹಿಂದೆ ವೃತ್ತಿಮೇಳಗಳಲ್ಲಿ ಪುರುಷರಷ್ಟೇ ಇದ್ದರು. ಶಾಲಾ ತರಗತಿ ಮತ್ತು ಶಿಬಿರಗಳಿಂದ ಹೆಣ್ಣುಮಕ್ಕಳಿಗೂ ಕಲಿಕೆ ಸುಲಭವಾಗಿ ದೊರೆಯುವಂತಾಯಿತು. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದ ಭಾಗವತರಾಗಿ ಹಾಡಿ ಮಹಿಳೆಯರಿಗೆ ಮಾರ್ಗದರ್ಶಿಯಾದರು.

ಬೇಸಿಗೆ ಶಿಬಿರಗಳು

ಏಪ್ರಿಲ್ ಮತ್ತು ಮೇ ತಿಂಗಳ ಶಾಲಾ ರಜೆಯಲ್ಲಿ ಈ ಮೂರು ತಾಲೂಕುಗಳ ಸಾಂಸ್ಕೃತಿಕ ಸಂಘಗಳು ಮಕ್ಕಳ ಶಿಬಿರಗಳನ್ನು ಏರ್ಪಡಿಸುತ್ತವೆ. ತೆಕ್ಕಟ್ಟೆಯ ಯಶಸ್ವೀ ಕಲಾವೃಂದ, ಸಮುದಾಯ ಕುಂದಾಪುರ, ಬೈಂದೂರಿನ ಲಾವಣ್ಯ ಮುಂತಾದವು ರಂಗಭೂಮಿ ಮತ್ತು ಯಕ್ಷಗಾನದ ಚಟುವಟಿಕೆಗಳಿಗೆ ಪರಿಚಿತವಾದ ಸಂಸ್ಥೆಗಳು. ಶಿಬಿರಗಳಲ್ಲಿ ಜನಪದ ಗೀತೆ, ರಂಗಗೀತೆ, ಯಕ್ಷಗಾನದ ಹೆಜ್ಜೆ, ಚಿತ್ರಕಲೆ, ನಾಟಕ ಮೊದಲಾದವನ್ನು ಒಟ್ಟಿಗೆ ಕಲಿಸುವುದು ಸಾಮಾನ್ಯ.

ಆದರೆ ಶಾಲೆಯ ರಜೆಯೂ ಮೇಳದ ಬಿಡುವೂ ಒಂದೇ ಕಾಲಕ್ಕೆ ಬರುವುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳು ತಿರುಗಾಟದ ಬಿರುಸಿನ ಕಾಲ. ವೃತ್ತಿಕಲಾವಿದರು ರಾತ್ರಿಯಿಡೀ ದುಡಿದು ಹಗಲಿನಲ್ಲಿ ನಿದ್ರಿಸಬೇಕಾಗುತ್ತದೆ. ಮೇಳಗಳು ಬಿಡುವು ಪಡೆಯುವ ಜೂನ್ ತಿಂಗಳ ಹೊತ್ತಿಗೆ ಶಾಲೆಗಳು ತೆರೆದಿರುತ್ತವೆ. ಆದುದರಿಂದ ಬೇಸಿಗೆ ಶಿಬಿರದಲ್ಲಿ ದಿನವಿಡೀ ಕಲಿಸಲು ಒದಗುವವರು ಹೆಚ್ಚಾಗಿ ಮೇಳದಿಂದ ನಿವೃತ್ತರಾದ ಕಲಾವಿದರು, ಹವ್ಯಾಸಿಗಳು, ಕೇಂದ್ರಗಳಲ್ಲಿ ತರಬೇತಿ ಪಡೆದವರು ಮತ್ತು ಯಕ್ಷಗಾನ ಬಲ್ಲ ಶಾಲಾ ಅಧ್ಯಾಪಕರು. ಇದರಿಂದ ಅನುಕೂಲವೂ ಇದೆ. ವೃತ್ತಿಮೇಳದ ಇಂದಿನ ವೇಗದಲ್ಲಿ ಬಿಟ್ಟುಹೋಗುತ್ತಿರುವ ಪೂರ್ವರಂಗದ ಕ್ರಮ, ನಿಧಾನಗತಿಯ ಪದ್ಯ ಮತ್ತು ಹಳೆಯ ಮಟ್ಟುಗಳು ನಿವೃತ್ತ ಕಲಾವಿದರ ನೆನಪಿನಲ್ಲಿ ಉಳಿದಿರುತ್ತವೆ. ಶಿಬಿರಗಳು ಅವರಿಗೆ ಶಿಷ್ಯರನ್ನು ಒದಗಿಸುತ್ತವೆ.

ಕೆಲವು ವಾರಗಳಲ್ಲಿ ಕಲಿಸಬಹುದಾದುದು ಪರಿಮಿತ. ತಾಳ ತಟ್ಟುವುದು, ಬಾಯಿತಾಳ, ಒಂದೆರಡು ತಾಳಗಳ ಹೆಜ್ಜೆ, ಗುಂಪಾಗಿ ಹೇಳುವ ಕೆಲವು ಪದ್ಯಗಳು ಮತ್ತು ಸಣ್ಣ ಸಂಭಾಷಣೆ ಇಷ್ಟನ್ನು ಮಕ್ಕಳು ಗ್ರಹಿಸಬಲ್ಲರು. ಭಾಗವತಿಕೆ ಮತ್ತು ಮದ್ದಳೆವಾದನಕ್ಕೆ ವರ್ಷಗಳ ಸಾಧನೆ ಅಗತ್ಯ. ಶಿಬಿರದ ಕೊನೆಯ ದಿನದ ಪ್ರದರ್ಶನಕ್ಕಾಗಿ ಒಂದೇ ಕುಣಿತವನ್ನು ಬಾಯಿಪಾಠದಂತೆ ಮಾಡಿಸಿದರೆ ಮಗುವಿಗೆ ವೇದಿಕೆಯ ಸಂತೋಷ ದೊರೆಯುತ್ತದೆ, ತಾಳಜ್ಞಾನ ದೊರೆಯುವುದಿಲ್ಲ. ಶಿಬಿರದ ಫಲ ಉಳಿಯುವುದು ಮಳೆಗಾಲದ ವಾರಾಂತ್ಯಗಳಲ್ಲಿ ಪಾಠ ಮುಂದುವರಿದಾಗ. ಆಗ ಮೇಳದ ಕಲಾವಿದರೂ ಊರಿನಲ್ಲಿ ದೊರೆಯುತ್ತಾರೆ. ಬೇಸಿಗೆಯಲ್ಲಿ ಆಸಕ್ತಿಯನ್ನು ಹುಟ್ಟಿಸಿ ಮಳೆಗಾಲದಲ್ಲಿ ಅದನ್ನು ವಿದ್ಯೆಯಾಗಿ ಬೆಳೆಸಿದರೆ ಹಳೆಯ ಮತ್ತು ಹೊಸ ಪದ್ಧತಿಗಳು ಒಂದಕ್ಕೊಂದು ಪೂರಕವಾಗುತ್ತವೆ.

ತಂತಿವಾದ್ಯಗಳ ಸ್ಥಾನ

ಬಡಗುತಿಟ್ಟಿನ ಸಾಂಪ್ರದಾಯಿಕ ಹಿಮ್ಮೇಳದಲ್ಲಿ ತಂತಿವಾದ್ಯವಿಲ್ಲ. ಶ್ರುತಿಗೆ ಹಿಂದೆ ಪುಂಗಿ ಬಳಕೆಯಲ್ಲಿತ್ತು. ಆ ಸ್ಥಾನಕ್ಕೆ ಹಾರ್ಮೋನಿಯಂ ಬಂದಿತು, ಅನಂತರ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಬಂದಿತು. ಕಾರಂತರು ತಮ್ಮ 'ಯಕ್ಷರಂಗ' ತಂಡದ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟು ನೃತ್ಯಕ್ಕೂ ಸಂಗೀತಕ್ಕೂ ಪ್ರಾಧಾನ್ಯ ಕೊಟ್ಟರು. ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಭಾಗವತನ ಹಾಡಿನ ಭಾವವನ್ನು ವಾದ್ಯವು ಎಳೆದು ಬೆಳೆಸಬಲ್ಲುದು ಎಂಬುದು ಪ್ರಯೋಗದ ಆಶಯ. ಸಂಪ್ರದಾಯದ ಪರವಾಗಿದ್ದವರು ಇದನ್ನು ಒಪ್ಪಲಿಲ್ಲ. ಮೇಳಗಳ ವಾಡಿಕೆಯ ಆಟದಲ್ಲಿ ಪಿಟೀಲು ನೆಲೆಯೂರಲಿಲ್ಲ.

ಈ ಕಾರಣದಿಂದ ಪಿಟೀಲು, ವೀಣೆ ಮೊದಲಾದವುಗಳ ಶಿಕ್ಷಣ ಶಾಸ್ತ್ರೀಯ ಸಂಗೀತದ ಗುರುಗಳ ಬಳಿ ನಡೆಯುತ್ತದೆ. ಎರಡನ್ನೂ ಕಲಿಯುವ ವಿದ್ಯಾರ್ಥಿಗೆ ಸ್ವರಜ್ಞಾನವು ನೆರವಾಗುತ್ತದೆ. ಆದರೆ ಗಮಕಗಳ ಶಾಸ್ತ್ರೀಯ ವಿಸ್ತಾರವನ್ನು ಯಕ್ಷಗಾನದ ಪದ್ಯಕ್ಕೆ ತಂದಾಗ ಮಟ್ಟು ಕೆಡದಂತೆ ನೋಡಿಕೊಳ್ಳುವುದು ಗುರುವಿನ ಹೊಣೆ.

ಇತರ ಜನಪದ ವಾದ್ಯಗಳ ಗುರುಗಳು

ಯಕ್ಷಗಾನದ ಹೊರಗೂ ಈ ಪ್ರದೇಶದಲ್ಲಿ ಸಮುದಾಯಗಳೊಳಗೆ ಸಾಗಿಬಂದ ಸಂಗೀತವಿದೆ. ಕುಡುಬಿ ಸಮುದಾಯದವರು ಹೋಳಿಯ ಕುಣಿತದಲ್ಲಿ ಗುಮಟೆ ಎಂಬ ಮಣ್ಣಿನ ವಾದ್ಯವನ್ನು ನುಡಿಸುತ್ತಾರೆ. ಕೊರಗ ಸಮುದಾಯದ ಡೋಲು ಮತ್ತು ಕೊಳಲು, ನಾಗಮಂಡಲದ ವೈದ್ಯರ ಡಕ್ಕೆ ಇಂತಹವೇ. ಇವುಗಳ ಗುರುಗಳು ಆಯಾ ಸಮುದಾಯದ ಹಿರಿಯರು. ಇವುಗಳಲ್ಲಿ ಕೆಲವು ಆಚರಣೆಗೆ ಸೇರಿದವು. ಆದುದರಿಂದ ಶಿಬಿರದಲ್ಲಿ ಕಲಿಸಬಹುದಾದುದು ಯಾವುದು, ಆಚರಣೆಯ ಸಂದರ್ಭಕ್ಕೇ ಮೀಸಲಾದುದು ಯಾವುದು ಎಂಬುದನ್ನು ಆ ಹಿರಿಯರೇ ನಿರ್ಧರಿಸುವುದು ಉಚಿತ.

ಕುಂದಾಪುರ ತಾಲೂಕಿನ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟವೂ ಬಡಗುತಿಟ್ಟಿನ ಹಿಮ್ಮೇಳವನ್ನೇ ಅವಲಂಬಿಸಿದೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ಪಡೆದ ಕೊಗ್ಗ ಕಾಮತರ ಮನೆತನ ಈ ಕಲೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಗೊಂಬೆಗೆ ಕುಣಿತ ಕಲಿಸುವವನಿಗೂ ಭಾಗವತನ ತಾಳವೇ ಆಧಾರ.

ಇವನ್ನೂ ನೋಡಿ

ಯಕ್ಷಗಾನ
ಬಡಗುತಿಟ್ಟು
ತಾಳಮದ್ದಳೆ
ಹೂವಿನಕೋಲು
ಕೋಟ ಶಿವರಾಮ ಕಾರಂತ
ಕಾಳಿಂಗ ನಾವಡ